ಪೋಸ್ಟರ್ ಅಂಟಿಸುವ ಇಸ್ಕಂದರ್

ಫೋನಿನಲ್ಲಿ ಮಾತಾಡುವಾಗ ಎಲ್ಲಾದರೂ ಒರಗಿಕೊಳ್ಳುವ ಚಾಳಿ ಗೆರ್ಶೋನ್‌ಗೆ ಮೊದಲಿನಿಂದಲೂ ಇತ್ತು. ಆ ಬೆಳಿಗ್ಗೆ ಅವನು ಒರಗಿದ್ದು ಹೈಫಾದ ಹದಾರ್ ಪೇಟೆ ಮೂಲೆಯ ಪೋಸ್ಟರ್ ಹಲಗೆಗೆ. ಮಾತು ಮುಗಿಸಿ ಎದುರಿನ ಅಂಗಡಿಗೆ ಹೋಗಿ ಕಾಫಿ ಕೇಳಿದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಅವನ ಹಿಂದಕ್ಕೆ ಸರಿದು ಬೆನ್ನು ಓದತೊಡಗಿದರು.

"ಅವ್ನೇರ್ ದೋತಾನ್. ಮೂವತ್ತು ವರ್ಷ, ಒಂದೇ ನಿಲುವು," ಎಂದು ಒಬ್ಬ ಮುದುಕ ಗಟ್ಟಿಯಾಗಿ ಓದಿದ. "ಒಳ್ಳೆ ಉಪಾಯ ಕಣಯ್ಯ. ಗೋಡೆ ಮೇಲಿದ್ರೆ ಯಾರು ಓದ್ತಾರೆ?"

ಆಗಷ್ಟೇ ಅಂಟಿಸಿದ್ದ ಹಾಳೆ ಉಣ್ಣೆ ಕೋಟಿಗೆ ಮೆತ್ತಿಕೊಂಡು ಬಂದಿತ್ತು. ನಗು ಗೆರ್ಶೋನ್‌ಗೆ ಹೊಸದಲ್ಲ. ಸಂಸತ್ತಿಗೆ ಏಳನೇ ಸಲ ನಿಂತಿದ್ದ ದೋತಾನ್‌ಗೆ ಘೋಷಣೆ ಬರೆದುಕೊಡುವ ಕೆಲಸ ಅವನದು. ಆ ಘೋಷಣೆಯೂ ಅವನದೇ. ಒಂದೇ ನಿಲುವು ಸರಿ, ಯಾವ ನಿಲುವು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಜಾಗ ಸಾಲಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದ.

ನಿಜವಾದ ತೊಂದರೆ ಕಂಡದ್ದು ಹೊರಗೆ ಬಂದು ಹಲಗೆ ನೋಡಿದಾಗ. ಹಾಳೆ ಕಿತ್ತುಬಂದ ಜಾಗದಲ್ಲಿ ಹೋದ ಚುನಾವಣೆಯ ದೋತಾನ್ ಮುಷ್ಟಿ ಬಿಗಿದು ನಿಂತಿದ್ದ: 'ಪ್ಯಾಲೆಸ್ತೀನಿಯರಿಗೆ ಗೇಣು ನೆಲವನ್ನೂ ಬಿಡೆವು.' ಅದರ ಹರಿದ ಮೂಲೆಯಿಂದ ಇನ್ನೂ ಹಿಂದಿನ ದೋತಾನ್, ತಲೆ ತುಂಬ ಕಪ್ಪು ಕೂದಲಿನವನು, ಇಣುಕುತ್ತಿದ್ದ: 'ಎರಡು ಜನ, ಎರಡು ನಾಡು.' ಎರಡನ್ನೂ ಬರೆದವನು ಗೆರ್ಶೋನ್. ಬರೆಯುವಾಗ ಎರಡನ್ನೂ ಮನಸಾರೆ ನಂಬಿದ್ದ ಎನ್ನುವುದೇ ಅವನ ಕಷ್ಟ.

ಹಲಗೆಯ ಮುಂದೆ ಊರಿನ ವಾರಪತ್ರಿಕೆಯ ತಿರ್ಜಾ ನಿಂತಿದ್ದಳು. "ಒಳಗೆ ಇನ್ನೂ ಎಷ್ಟು ಜನ ದೋತಾನ್ ಇದಾರೆ, ಗೆರ್ಶೋನ್? ಹನ್ನೆರಡು ಗಂಟೆಗೆ ಫೋಟೋದವನನ್ನ ಕರ್ಕೊಂಡು ಬರ್ತೀನಿ. ಒಂದೊಂದಾಗಿ ಬಿಡಿಸಿ ನೋಡೋಣ."

ದೋತಾನ್ ಹಿಂದಿನ ದಿನವಷ್ಟೇ ಸಭೆಯಲ್ಲಿ, ಪ್ಯಾಲೆಸ್ತೀನಿಯರ ವಿಷಯದಲ್ಲಿ ತಾನು ಒಂದು ಬೆರಳಿನಷ್ಟೂ ಕದಲಿಲ್ಲ ಎಂದು ಮೇಜು ಗುದ್ದಿದ್ದ. ಗೆರ್ಶೋನ್ ಫೋನ್ ಮಾಡಿ ಸಂಗತಿ ತಿಳಿಸಿದಾಗ ಅವನು ಹೇಳಿದ್ದು ಇಷ್ಟೇ: "ಹಳೇದೇನಾದ್ರೂ ಪೇಪರಲ್ಲಿ ಬಂತೋ, ನೀನು ಮನೆಗೆ."

ಗೆರ್ಶೋನ್ ಓಡಿದ್ದು ಪೋಸ್ಟರ್ ಅಂಟಿಸುವ ಅರಬ ಇಸ್ಕಂದರನ ಬಳಿಗೆ.

ಇಸ್ಕಂದರ್ ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಹಿಂದೆ ಬಕೆಟ್ಟು ಹಿಡಿದು ಈ ಕೆಲಸಕ್ಕೆ ಬಂದವನು. ಈಗ ಅರವತ್ತೊಂದು. ಹಿಟ್ಟಿನ ಅಂಟನ್ನು ಇಂದಿಗೂ ಮನೆಯಲ್ಲೇ ಕಾಯಿಸುತ್ತಾನೆ, ಇಲಿ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾನೆ. ಎಲ್ಲ ಪಕ್ಷದ ಮುಖಗಳನ್ನೂ ಒಂದೇ ಪೊರಕೆಯಿಂದ ಸವರುತ್ತಾನೆ. ಅವನ ವೋಟು ಯಾರಿಗೆಂದು ಹೆಂಡತಿಗೂ ಗೊತ್ತಿಲ್ಲ. ಅವನ ಮನೆಯ ಗೋಡೆ ಮೇಲೆ ಕ್ಯಾಲೆಂಡರ್ ಕೂಡ ಇಲ್ಲ, ಬರೀ ಸುಣ್ಣ.

ಅವನದೊಂದು ಕಟ್ಟಳೆ ಇತ್ತು. ರಾಜಕಾರಣಿಯ ಮೇಲೆ ಅದೇ ಸಂಜೆ ಸರ್ಕಸ್ಸಿನ ಆನೆಯನ್ನಾದರೂ ಹಚ್ಚುತ್ತಿದ್ದ. ಊರಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಹಚ್ಚಿಸುವ ಸಾವಿನ ಚೀಟಿಯನ್ನು ಮಾತ್ರ ಶೋಕದ ದಿನಗಳು ಮುಗಿಯುವ ತನಕ ಮುಟ್ಟುತ್ತಿರಲಿಲ್ಲ. ಸತ್ತವರು ಯೆಹೂದಿಯರಾದರೆ ಮೂವತ್ತು ದಿನ, ಅರಬರಾದರೆ ನಲವತ್ತು.

"ಇಸ್ಕಂದರ್, ಬಿಸಿನೀರು ಸುರಿದು ಇಡೀ ಹಲಗೆ ಕೆರೆದುಬಿಡೋ. ಹನ್ನೆರಡರೊಳಗೆ," ಎಂದ ಗೆರ್ಶೋನ್ ಏದುಸಿರು ಬಿಡುತ್ತ.

ಇಸ್ಕಂದರ್ ಬಂದು ನೋಡಿದ. ಹಲಗೆಯ ನಟ್ಟನಡುವೆ ಕಪ್ಪು ಅಂಚಿನ ಚೀಟಿ: ಫ್ರೂಮಾ ಲೈಬ್‌ಜೋನ್, ಹೊಲಿಗೆಯಾಕೆ.

"ಇಪ್ಪತ್ತೆಂಟು ದಿನ ಆಗಿದೆ. ನಾಡಿದ್ದು ಬಾ."

"ಒಂದು ಮೂಲೆಯಾದ್ರೂ ಕೆರೆಯೋ ಮಾರಾಯ!"

"ಒಳಗಿನ ಕಾಗದ ಎಲ್ಲ ಒಂದೇ ಮೈ ಆಗಿದೆ. ಮೂಲೆ ಎಳೆದ್ರೆ ಮುದುಕೀನೂ ಬರ್ತಾಳೆ."

"ನನ್ನ ಕೆಲಸ ಹೋಗುತ್ತೆ ಕಣೋ. ಎರಡು ದಿನದಲ್ಲಿ ಅವಳಿಗೇನು ನಷ್ಟ?"

"ಎರಡು ದಿನ ತಾನೇ? ಕಾಯಿ. ಎರಡು ವಾರ ಬಿಟ್ಟು ನಿಮ್ಮ ಹಳ್ಳಿಗೆ ವಾಪಸ್ ಬನ್ನಿ ಅಂತ ನಮ್ಮಪ್ಪನಿಗೂ ನಲವತ್ತೆಂಟರ ಯುದ್ಧದಲ್ಲಿ ಸೈನ್ಯದವರು ಹೇಳಿದ್ರು. ಐವತ್ತು ವರ್ಷ ಕಾದ. ಆ ಮನೆ ಬೀಗದ ಕೈ ಇನ್ನೂ ನನ್ನ ಹತ್ರಾನೇ ಇದೆ."

ಗೆರ್ಶೋನ್ ಕೋಟಿಗೆ ಮೆತ್ತಿದ್ದ ಹಾಳೆಯನ್ನು ಬಿಡಿಸಿ ಕೊಟ್ಟ. ಇಸ್ಕಂದರ್ ಹೊಸ ದೋತಾನ್‌ನನ್ನು ಹಳೆಯವನ ಮೇಲೆ ಮತ್ತೆ ಅಂಟಿಸಿದ. ಚೀಟಿಯ ಅಂಚಿಗೆ ತಾಗದಂತೆ ಹಾಳೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದ. ಅಷ್ಟರಲ್ಲಿ ತಿರ್ಜಾ ಬಂದಳು, ಜೊತೆಗೆ ಫೋಟೋದವನು, ಕೈಯಲ್ಲಿ ಬಣ್ಣ ಕೆರೆಯುವ ತಗಡು. ಇಸ್ಕಂದರ್ ಪೊರಕೆ ಅಡ್ಡ ಹಿಡಿದ.

"ನಾಡಿದ್ದು ಬನ್ನಿ, ತಾಯಿ. ಮುದುಕಿ ಇದಾರೆ."

ತಿರ್ಜಾ ಚೀಟಿ ಓದಿದಳು. ಫ್ರೂಮಾ ಅವಳ ಅಮ್ಮನ ಮದುವೆಯ ಬಟ್ಟೆ ಹೊಲಿದವಳು. ತಗಡನ್ನು ಚೀಲಕ್ಕೆ ಹಾಕಿಕೊಂಡಳು. ಗೆರ್ಶೋನ್ ಸತ್ತವಳಿಗೆ ಮನಸ್ಸಿನಲ್ಲೇ ಕೈ ಮುಗಿದ. ಆದರೆ ತಿರ್ಜಾ ಬರಿಗೈಯಲ್ಲಿ ಹೋಗುವವಳಲ್ಲ. ಟಿಪ್ಪಣಿ ಪುಸ್ತಕ ತೆಗೆದು ಇಸ್ಕಂದರನ ಕಡೆ ತಿರುಗಿದಳು.

"ಕೆರೆಯೋದು ಬೇಡ. ಎಲ್ಲಾ ನಿಮ್ಮ ಕೈಯಿಂದಲೇ ಅಂಟಿಸಿದ್ದು ತಾನೇ? ನೀವೇ ಹೇಳಿ. ಪ್ಯಾಲೆಸ್ತೀನಿಯರ ವಿಷಯದಲ್ಲಿ ದೋತಾನ್ ನಿಲುವೇನು?"

ಇಸ್ಕಂದರ್ ಪೊರಕೆಯನ್ನು ಬಕೆಟ್ಟಿನಲ್ಲಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಲಗೆಯ ಅಂಚಿನಲ್ಲಿ ಕಾಗದದ ಪದರಗಳಿಗೆ ಬೆರಳಿಟ್ಟು ಅಳೆದು ನೋಡಿದ.

"ಎರಡು ಬೆರಳು ದಪ್ಪ, ತಾಯಿ. ಮೇಲಿಂದು ಇನ್ನೂ ಒಣಗಿಲ್ಲ."