ಬಯಕೆ ಊಟದ ವೈನು

ಬಯಕೆ ಊಟಕ್ಕೆ ಬಂದವರು ಹೆಚ್ಚೇನಿರಲಿಲ್ಲ. ಕೊಪ್ಪದ ಹತ್ತಿರದ ನಾರ್ವೆ ಅನ್ನುವ ಹಳ್ಳಿಯಿಂದ ನನ್ನ ಅಮ್ಮ, ನರಸಿಂಹರಾಜಪುರಕ್ಕೆ ಮದುವೆಯಾಗಿ ಹೋದ ನಾದಿನಿ, ಬೇಗಾರಿನಿಂದ ಅತ್ತೆಯ ಅಕ್ಕ. ಅವರನ್ನು ನಾನು ದೊಡ್ಡತ್ತೆ ಅಂತಲೇ ಕರೆಯುವುದು. ಮನೆಯವರೆಂದರೆ ಅತ್ತೆ ಮತ್ತು ನನ್ನ ಗಂಡ. ಜಯಪುರದ ಹತ್ತಿರದ ನಮ್ಮ ಮನೆಯಲ್ಲಿ ನನಗೆ ಹಸಿರು ಸೀರೆ ಉಡಿಸಿ, ಮಣೆ ಮೇಲೆ ಕೂರಿಸಿ ಬಡಿಸಿದ್ದರು. ಏಳು ತಿಂಗಳ ಹೊಟ್ಟೆ. ಕೂತರೆ ಏಳುವುದೇ ಒಂದು ಕೆಲಸ.

ಊಟ ಮುಗಿಯುವಷ್ಟರಲ್ಲಿ ದೊಡ್ಡತ್ತೆ ಚೀಲದಿಂದ ಬಾಟ್ಲಿ ತೆಗೆದರು. ಕಪ್ಪು ದ್ರಾಕ್ಷಿಯ ವೈನು, ಅವರೇ ಮಾಡಿದ್ದು. ದ್ರಾಕ್ಷಿಗೆ ಸಕ್ಕರೆ, ಒಂದು ಮುಷ್ಟಿ ಗೋಧಿ, ಚೂರು ಈಸ್ಟು ಹಾಕಿ ಭರಣಿಯ ಬಾಯಿ ಕಟ್ಟಿ ಇಟ್ಟುಬಿಡುವುದು. ನಮ್ಮ ಮನೆಗಳಲ್ಲಿ ಅದಕ್ಕೂ ಉಪ್ಪಿನಕಾಯಿಗೂ ಭೇದವಿಲ್ಲ. ಕುಡಿದು ಬಂದವನನ್ನು ಜಗಲಿ ಹತ್ತಿಸದವರ ಮನೆಯಲ್ಲೂ ಒಂದು ಭರಣಿ ಇರುತ್ತದೆ. ಬಸುರಿಗೆ ದಿನಾ ಸಣ್ಣ ಲೋಟದಲ್ಲಿ ಕೊಟ್ಟರೆ ರಕ್ತ ಆಗುತ್ತದೆ, ಮಗು ಕೆಂಪಗೆ ಹುಟ್ಟುತ್ತದೆ ಅನ್ನುವುದು ದೊಡ್ಡತ್ತೆಯ ನಂಬಿಕೆ.

ನಾನು ಬೇಡ ಅಂದೆ. ಕೊಪ್ಪಕ್ಕೆ ತೋರಿಸಲು ಹೋದಾಗ ಡಾಕ್ಟರಮ್ಮನನ್ನು ಇದನ್ನೇ ಕೇಳಿದ್ದೆ. ಮನೆಯಲ್ಲಿ ಮಾಡಿದರೂ ವೈನು ವೈನೇ, ನೀನು ಕುಡಿದದ್ದು ಮಗುವಿಗೂ ಹೋಗುತ್ತದೆ, ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಅಳತೆ ಯಾರ ಹತ್ತಿರವೂ ಇಲ್ಲ, ಹಾಗಾಗಿ ಒಂದು ಚಮಚವೂ ಬೇಡ ಅಂದಿದ್ದರು. ಅಷ್ಟನ್ನೂ ಹೇಳಿದೆ.

"ಓಹೋ, ಹಾಗಾದ್ರೆ ನಾನು ಹೆಂಡದಂಗಡಿ ಇಟ್ಟಿದೀನಿ ಅಂತಾಯ್ತು" ಅಂದರು ದೊಡ್ಡತ್ತೆ. ನಾದಿನಿ ಕಿಸಕ್ಕನೆ ನಕ್ಕಳು. ತಾನು ಕುಡಿದೇ ಮಕ್ಕಳನ್ನು ಹೆತ್ತದ್ದು, ಯಾರಿಗೆ ಏನಾಗಿದೆ ಅಂತ ಅತ್ತೆ ಕೇಳಿದರು. ಈಗಿನವರಿಗೆ ಫೋನು ಹೇಳಿದ್ದೇ ವೇದ ಅಂತಲೂ ಸೇರಿಸಿದರು. ನಾನು ಫೋನಿನ ಮಾತೇ ಎತ್ತಿರಲಿಲ್ಲ.

ಅಮ್ಮ ಪಕ್ಕಕ್ಕೆ ಬಂದು ಲೋಟವನ್ನು ನನ್ನ ಕೈಗಿಟ್ಟಳು. "ಒಂದು ಗುಟುಕು ಕುಡಿದ್ಬಿಡು ಮಗಾ. ನಾಳೆ ಇದೇ ಮನೇಲಿ ಬಾಳ್ಬೇಕು ನೀನು."

ಉಳಿದವರ ಮಾತೆಲ್ಲ ನುಂಗಿಕೊಂಡಿದ್ದೆ. ಅಮ್ಮನದನ್ನು ನುಂಗಲಾಗಲಿಲ್ಲ. ಹೊಟ್ಟೆಯೊಳಗಿನದಕ್ಕೆ ಆ ಮನೆಯಲ್ಲಿ ನನ್ನ ಬಿಟ್ಟು ಯಾರೂ ಇಲ್ಲ ಅಂತ ಗೊತ್ತಾದದ್ದು ಆವಾಗಲೇ. ಲೋಟವನ್ನು ಗಂಡನ ಕಡೆ ಚಾಚಿ, ಹಣ್ಣಿನ ರಸ ತಾನೇ, ನೀವೇ ಕುಡೀರಿ ಅಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ನಂಗೆ ಬೇಡ ಮಾರಾಯ್ತಿ. ದೊಡ್ಡಮ್ಮನ್ನ ಬೇಗಾರಿಗೆ ಬಿಟ್ಟು ಬರ್ಬೇಕು. ಶೃಂಗೇರಿ ಹತ್ರ ಪೊಲೀಸರು ಬಾಯಿಗೆ ಮಿಶನ್ ಹಿಡಿದ್ರೆ ಎಂತ ಮಾಡೋದು?"

ತಾವು ಹೇಳಿದ್ದು ಏನು ಅಂತ ಅವರಿಗೆ ಹೊಳೆಯುವಷ್ಟರಲ್ಲಿ ಅತ್ತೆ ಎದ್ದು ಬಾಳೆಲೆ ಮಡಿಸತೊಡಗಿದ್ದರು. ದೊಡ್ಡತ್ತೆ ಬಾಟ್ಲಿಗೆ ಬಿರಡೆ ಹಾಕಿದರು. ಕಾರು ಹತ್ತುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಪೊಲೀಸರ ಮಾತೆತ್ತಿದವರು ನನ್ನ ಗಂಡ; ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಅನ್ನಿಸಿಕೊಂಡವಳು ನಾನು. ಮಗಳು ಸುಖವಾಗಿ ಹುಟ್ಟಿದಳು, ದುಂಡಗಿದ್ದಳು, ನನ್ನ ಹಾಗೇ ಕಪ್ಪು. ನಾಮಕರಣಕ್ಕೆ ದೊಡ್ಡತ್ತೆ ಬರಲಿಲ್ಲ. ಅವತ್ತು ಮಗುವನ್ನು ನೋಡಲು ಬಂದವರಿಗೆಲ್ಲ ಅತ್ತೆ ಹೇಳಿದ್ದು ಒಂದೇ: ಕೊಟ್ಟದ್ದನ್ನು ಕುಡಿದಿದ್ದರೆ ಬಣ್ಣ ಬರ್ತಿತ್ತು.

ಮರುವರ್ಷ ನಾದಿನಿ ಬಸುರಿಯಾದಳು. ಒಂದು ಬೆಳಿಗ್ಗೆ ದೊಡ್ಡತ್ತೆಯ ಫೋನು ಬಂತು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಬಾಟ್ಲಿ ತುಂಬಿಸಿಟ್ಟಿದೀನಿ, ಯಾರ ಕೈಲಿ ಕಳಿಸಲಿ ಅಂತ ದೊಡ್ಡತ್ತೆ ಕೇಳಿದರು.

"ಅವಳಿಗೆ ಅದೆಲ್ಲ ಬೇಡ ಅಕ್ಕಾ" ಅಂದರು ಅತ್ತೆ. "ಬಸುರಿಗೆ ಒಳ್ಳೇದಲ್ವಂತೆ, ಡಾಕ್ಟರು ಹೇಳ್ತಾರೆ."

ಫೋನಿಟ್ಟು, ಮಗು ಎದ್ದಿದೆ ನೋಡು ಅಂತ ನನಗೆ ಹೇಳಿ, ಹಿತ್ತಲಿಗೆ ಹೋದರು.