ಮುತ್ತಕ್ಕನ ಹೆಸರು

ಕುಂದಾಪುರದ ಹಿನ್ನೀರಿನಲ್ಲಿ ಯಾವ ಕೆಸರಲ್ಲಿ ಕಪ್ಪೆಚಿಪ್ಪು ಹೆಚ್ಚು ಬೆಳೆಯುತ್ತದೆಂದು ನನಗೆ ತೋರಿಸಿಕೊಟ್ಟವರು ಅದನ್ನು ಹೆಕ್ಕಿ ಮಾರುವ ಮುತ್ತಕ್ಕ. ಆ ಬಗ್ಗೆ ನಾನು ಬರೆದ ಸಂಶೋಧನಾ ಲೇಖನವನ್ನು ನಲವತ್ತು ವಿಜ್ಞಾನಿಗಳು ಉಲ್ಲೇಖಿಸಿದ್ದಾರೆ ಎಂದು ಮುತ್ತಕ್ಕನೆದುರು ಸ್ವಲ್ಪ ಜಂಬದಿಂದಲೇ ಹೇಳಿದೆ.

"ಹಾಂಗಂದ್ರೆ ಎಂತ?"

"ಅವರ ಲೇಖನದಲ್ಲಿ ನನ್ನ ಹೆಸರು ಹಾಕಿದ್ದಾರೆ."

"ನೀವ್ ಬರದ್ರಲ್ಲಿ ನನ್ ಹೆಸ್ರ್ ಹಾಕಿದ್ರ್ಯಾ?"

'ಸ್ಥಳೀಯರಿಗೆ ಕೃತಜ್ಞತೆ' ಎಂದಷ್ಟೇ ಬರೆದಿದ್ದೆ. ಮುತ್ತಕ್ಕ ನಕ್ಕು ಬುಟ್ಟಿ ಎತ್ತಿಕೊಂಡರು. ನನ್ನ ಮುಖ ಸಣ್ಣದಾಯಿತು.

ಮುಂದಿನ ಲೇಖನಕ್ಕೆ ಅವರನ್ನು ಸಹಲೇಖಕಿ ಮಾಡಿದೆ. ಅವರ ಸಂಸ್ಥೆ ಯಾವುದೆಂದು ಪತ್ರಿಕೆಯವರು ಕೇಳಿದಾಗ ಮುತ್ತಕ್ಕನಿಗೇ ಫೋನ್ ಮಾಡಿದೆ.

"ನಾನ್ ಇಪ್ಪುದ್ ಹೊಳಿಯಂಗೆ. ಹಾಂಗೇ ಹಾಕಿ" ಅಂದರು.

ಸಂಸ್ಥೆಯ ಜಾಗದಲ್ಲಿ 'ಗಂಗೊಳ್ಳಿ ಹೊಳೆ' ಎಂದೇ ಹಾಕಿದೆ. ಲೇಖನ ಪರಿಶೀಲಿಸಿದ ಇಬ್ಬರು ಪಂಡಿತರೂ ಅದು ಯಾವ ವಿಶ್ವವಿದ್ಯಾಲಯ ಎಂದು ಕೇಳಲಿಲ್ಲ. ಬೇರೆಯವರ ಲೇಖನವನ್ನು ನಾವು ಓದುವಷ್ಟೇ ಗಮನವಿಟ್ಟು ಅವರೂ ಓದುತ್ತಾರೆ ಅಂತ ಕಾಣುತ್ತದೆ.