ಪೆರುವಿನ ಪಂಕ್ತಿಯಲ್ಲಿ ಹಿರಿಯಳಿಯ

ಎಷ್ಟು ದೊಡ್ಡ ಪಾತ್ರೆಯಲ್ಲಿ ಮೂಳೆ ಸಾರು ಮಾಡಿದರೂ ಅದರೊಳಗೆ ನಲ್ಲಿ ಮೂಳೆ ಮಾತ್ರ ಒಂದೇ ಇರುತ್ತದೆ ಎಂಬುದನ್ನು ನೀವು ಗಮನಿಸಿರಬಹುದು. ಮುದ್ದೆಯನ್ನು ಮುರಿದು ಹಂಚಬಹುದು, ಅನ್ನವನ್ನು ಹರವಿ ಹೆಚ್ಚು ಮಾಡಿ ತೋರಿಸಬಹುದು, ಸಾರಿಗಂತೂ ಬಿಸಿನೀರು ಬೆರೆಸಿದರೆ ಇನ್ನಿಬ್ಬರು ನೆಂಟರು ಬಂದರೂ ಮರ್ಯಾದೆ ಉಳಿಯುತ್ತದೆ. ಆದರೆ ಒಳಗೆ ಮಜ್ಜೆ ತುಂಬಿಕೊಂಡು, ತಟ್ಟೆಯ ಅಂಚಿಗೆ ಕುಟ್ಟಿ ಸೊರ್ರೆಂದು ಹೀರಬೇಕಾದ ಆ ಕೊಳವೆಯಂಥ ಮೂಳೆ ಅವಿಭಾಜ್ಯವಾದದ್ದು. ಅದು ಒಬ್ಬರ ತಟ್ಟೆಗೆ ಬಿತ್ತೆಂದರೆ ಉಳಿದವರ ತಟ್ಟೆಗೆ ಬೀಳಲಿಲ್ಲ ಎಂದೇ ಅರ್ಥ. ಸಸ್ಯಾಹಾರಿ ಓದುಗರು ಮುಖ ಸಿಂಡರಿಸದೆ, ಹೋಳಿಗೆ ಊಟದಲ್ಲಿ ಪಕ್ಕದವರ ಎಲೆಗೆ ಮಾತ್ರ ಎರಡನೆಯ ಸಲ ಬಿದ್ದ ತುಪ್ಪವನ್ನು ನೆನೆಸಿಕೊಂಡರೆ ಸಾಕು, ನನ್ನ ವಿಷಯ ಅರ್ಥವಾಗುತ್ತದೆ.

ಕೆಂಗೇರಿಯ ನಮ್ಮತ್ತೆಯ ಮನೆಯಲ್ಲಿ ಭಾನುವಾರದ ಆ ಮೂಳೆ ಮದುವೆಯಾದಂದಿನಿಂದಲೂ ನನ್ನ ತಟ್ಟೆಗೇ ಬೀಳುತ್ತಿತ್ತು. ಅದರಲ್ಲೇನು ವಿಶೇಷ ಎನ್ನುವವರಿಗೆ ಷಡ್ಡಕನಿಲ್ಲವೆಂದು ತಿಳಿಯುತ್ತೇನೆ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ, ಅವರ ನಡುವೆ ರಕ್ತಸಂಬಂಧವೂ ಇಲ್ಲ. ಆದರೂ ಒಂದೇ ಮಾವನ ಮನೆಯ ಜಗಲಿಯ ಮೇಲೆ ಜೀವಮಾನವಿಡೀ ಅಕ್ಕಪಕ್ಕ ಕುಳಿತು ತುಲನೆಗೆ ಒಳಗಾಗಬೇಕಾದ ಯೋಗ ಅವರದು. ನನ್ನ ಷಡ್ಡಕ ಮಂಜುನಾಥ ಬೇರೆ ಯಾರೂ ಅಲ್ಲ, ಅತ್ತೆಯ ಸ್ವಂತ ತಮ್ಮನ ಮಗ. ಅದೇ ಮನೆಯ ಅಂಗಳದಲ್ಲಿ ಚಡ್ಡಿ ಹಾಕಿಕೊಂಡು ಓಡಾಡಿ ಬೆಳೆದು, ಕೊನೆಗೆ ನನ್ನ ಹೆಂಡತಿ ಶೈಲಳ ತಂಗಿ ಗೀತಳನ್ನು ಮದುವೆಯಾದವನು. ಅವನ ಹೊಲಗಳು ಬಡಾವಣೆಗಳಾದವು, ಬಡಾವಣೆಗಳು ಕಟ್ಟಡಗಳಾದವು. ರಾಜಾಜಿನಗರದ ಕಾರ್ಖಾನೆ ಕಾರ್ಮಿಕನ ಮಗನಾದ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ಬಸವೇಶ್ವರನಗರದ ಪುಟ್ಟ ಮನೆಯಲ್ಲಿ ಅಲಂಕಾರಶಾಸ್ತ್ರದ ಗ್ರಂಥಗಳ ಜೊತೆ ನಿವೃತ್ತನಾದೆ. ಅವನ ಕಾರು ನಮ್ಮ ರಸ್ತೆಯಲ್ಲಿ ತಿರುಗಿಸಲಾಗದಷ್ಟು ಉದ್ದ. ಇದನ್ನೆಲ್ಲ ನಾನು ಸಹಿಸಿಕೊಂಡದ್ದು ಒಂದೇ ಆಧಾರದ ಮೇಲೆ: ಅತ್ತೆ ನಲ್ಲಿ ಮೂಳೆಯನ್ನು ಒಡಹುಟ್ಟಿದವನ ಮಗನಿಗೆ ಹಾಕುವುದಿಲ್ಲ, ನನಗೆ ಹಾಕುತ್ತಾರೆ.

ಆ ಮೂಳೆಗೊಂದು ಇತಿಹಾಸವಿದೆ. ಮದುವೆಯ ಹೊಸತರಲ್ಲಿ ಕೆಂಗೇರಿಯ ಹಜಾರದಲ್ಲಿ ಮೊದಲ ಮುದ್ದೆ ನನ್ನೆದುರು ಬಂದು ಕುಳಿತಾಗ, ಅನ್ನ ಉಂಡು ಬೆಳೆದ ನಾನು ಅದನ್ನು ಶ್ರದ್ಧೆಯಿಂದ ಅಗಿಯತೊಡಗಿದೆ. ಮುದ್ದೆಯನ್ನು ಅಗಿಯಬಾರದು, ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸುಳಿವು ಕೊಡದೆ ಗಂಟಲಿಗೆ ಜಾರಿಸಬೇಕು. ನನ್ನ ಬಾಯಿ ಅಂಟಿಕೊಂಡು ಮಾತೇ ನಿಂತುಹೋಯಿತು, ಬಾಗಿಲ ಮರೆಯಲ್ಲಿ ಹೆಣ್ಣುಮಕ್ಕಳು ಕಿಸಕ್ಕೆಂದರು. ಎದುರಿಗೆ ಮಂಜುನಾಥ ಗುಳುಕ್ಕೆಂದು ಒಂದಾದ ಮೇಲೊಂದು ತುತ್ತು ನುಂಗುತ್ತಾ, ತಾನೇ ಎದ್ದುಹೋಗಿ ಪಾತ್ರೆಯ ಮುಚ್ಚಳ ತೆಗೆದು ಬೇಕಾದ್ದನ್ನು ಹಾಕಿಕೊಂಡು ಬರುತ್ತಿದ್ದ. ಅತ್ತೆ ಮಾತ್ರ ನಗಲಿಲ್ಲ. ಸೌಟು ತಂದು ನಲ್ಲಿ ಮೂಳೆಯನ್ನು ನನ್ನ ತಟ್ಟೆಗಿಳಿಸಿ, "ನಿಧಾನಕ್ಕೆ ಉಣ್ಣಿ" ಎಂದರು. ಅಂದಿನಿಂದ ನಾನು ಮುದ್ದೆ ನುಂಗುವುದನ್ನು ಸಾಧನೆ ಮಾಡಿ ಕಲಿತೆ. ಅತ್ತೆಯೂ ಮೂಳೆ ಹಾಕುವುದನ್ನು ನಿಲ್ಲಿಸಲಿಲ್ಲ. ಅದು ನನ್ನ ಸಂಸ್ಕಾರಕ್ಕೆ ಸಂದ ಪುರಸ್ಕಾರವೆಂದೇ ನಂಬಿಕೊಂಡು ಬಂದಿದ್ದೆ.

ಹೀಗಿರುವಾಗ ಮಂಜುನಾಥ ಅತ್ತಿಗುಪ್ಪೆಯಲ್ಲಿ ಹೊಸದಾಗಿ ಕಟ್ಟಿಸಿದ ಕಟ್ಟಡದ ಮೊದಲ ಮಹಡಿಯನ್ನು ಹೋಟೆಲಿನವರಿಗೆ ಬಾಡಿಗೆಗೆ ಕೊಟ್ಟ. ಹೋಟೆಲೆಂದರೆ ಇಡ್ಲಿವಡೆಯದಲ್ಲ, ಬಿರಿಯಾನಿಯದೂ ಅಲ್ಲ. ಜಪಾನಿನ ಅಡುಗೆಯನ್ನೂ ದಕ್ಷಿಣ ಅಮೆರಿಕದ ಪೆರು ದೇಶದ ಅಡುಗೆಯನ್ನೂ ಬೆರೆಸಿ ಬಡಿಸುವ ಹೋಟೆಲು. ಹಿಂದೆ ಜಪಾನಿನಿಂದ ವಲಸೆ ಹೋದವರು ಪೆರುವಿನಲ್ಲಿ ನೆಲೆಸಿ, ಅಲ್ಲಿನ ಮೆಣಸಿನಕಾಯಿಗೆ ತಮ್ಮ ಮೀನು ಕೂಡಿಸಿ ಬಾಳುವೆ ಮಾಡಿದ್ದರ ಫಲವಂತೆ ಅದು. ಭಾನುವಾರ ಮಧ್ಯಾಹ್ನ ಎಲ್ಲರೂ ಅಲ್ಲಿಗೇ ಬರಬೇಕೆಂದು ಮಂಜುನಾಥ ಫೋನು ಮಾಡಿದ. ಕೆಂಗೇರಿಯಲ್ಲಿ ಅಂದು ಒಲೆ ಹಚ್ಚುವುದಿಲ್ಲ ಎಂಬ ಕಟುಸತ್ಯ ನನಗೆ ಹೊಳೆದದ್ದು ಫೋನಿಟ್ಟ ಮೇಲೆ. ಅತ್ತೆಗೆ ಎಂಬತ್ತು ಸಮೀಪಿಸಿದೆ, ಹಸಿ ಮೀನು ಕಂಡರೆ ಎದ್ದು ಬಂದುಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬೇಗ ಎದ್ದು ಬರಲಿ ಎಂದು ಹಾರೈಸಿದೆ ಕೂಡ.

ಅತ್ತೆ ಏಳಲಿಲ್ಲ. ಮರದ ಬೆಂಚು, ತೂಗುವ ಕಾಗದದ ದೀಪಗಳು, ಗೋಡೆಯ ಮೇಲೆ ಉಣ್ಣೆಯ ಟೋಪಿ ಹಾಕಿಕೊಂಡ ಒಂಟೆಯಂಥದೊಂದು ಪ್ರಾಣಿ, ಎಲ್ಲವನ್ನೂ ತೋಟ ನೋಡಲು ಬಂದವರಂತೆ ಸಾವಕಾಶವಾಗಿ ನೋಡಿ, ಸೆರಗು ಸರಿಮಾಡಿಕೊಂಡು ಕುಳಿತರು. ಮೊದಲು ಬಂದದ್ದು ಸೆವಿಚೆ, ಅಂದರೆ ನಿಂಬೆರಸದಲ್ಲಿ ನೆನೆದ ಹಸಿ ಮೀನು. ಜೊತೆಗೆ ಈರುಳ್ಳಿ, ಬೇಯಿಸಿದ ಗೆಣಸು, ಮುಸುಕಿನ ಜೋಳ.

"ಬೇಯಿಸಿಲ್ವೇನ್ಲಾ ಮಂಜ?" ಎಂದರು ಅತ್ತೆ.

"ಹುಳೀನೇ ಬೇಯಿಸುತ್ತೆ ಅತ್ತೆ, ಬೆಂಕಿ ಬೇಕಾಗಲ್ಲ. ಒಂಚೂರು ತಿಂದ್ ನೋಡಿ, ಸೇರ್ಲಿಲ್ಲ ಅಂದ್ರೆ ಬೇರೆ ಹೇಳ್ತೀನಿ," ಎಂದ ಮಂಜುನಾಥ, ಹಣೆಯ ಬೆವರು ಒರೆಸಿಕೊಳ್ಳುತ್ತಾ. ಏಸಿ ಚೆನ್ನಾಗಿಯೇ ಓಡುತ್ತಿತ್ತು.

ಅತ್ತೆ ತಿಂದರು. ಗೆಣಸನ್ನು ಗುರುತಿಸಿ ಮೆಚ್ಚಿದರು, ಜೋಳಕ್ಕೆ ತಲೆದೂಗಿದರು, ಮೀನನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡರು. ನನಗೆ ಹೊಟ್ಟೆಯೊಳಗೆ ಉರಿ ಹತ್ತಿತು. ಅದು ಪೆರುವಿನ ಮೆಣಸಿನಕಾಯಿಯದಲ್ಲ. ಆಮೇಲೆ ಬಂತು ಕೌಸಾ. ಆಲೂಗಡ್ಡೆಯನ್ನು ಬೇಯಿಸಿ ನುರಿದು, ಹಳದಿ ಮೆಣಸಿನಕಾಯಿ ಬೆರೆಸಿ ಕಟ್ಟಿದ ನುಣ್ಣನೆಯ ಉಂಡೆ. ಪಕ್ಕದ ಬಟ್ಟಲಲ್ಲಿ ಜಪಾನಿನ ತೆಳ್ಳನೆಯ ಸಾರು. ಕಡ್ಡಿಗಳಿಂದ ತಿನ್ನುವುದು ಹೇಗೆಂದು ಗೀತ ತೋರಿಸುವಷ್ಟರಲ್ಲಿ ಅತ್ತೆಯ ಬಲಗೈ ತನಗೆ ಗೊತ್ತಿದ್ದ ಕೆಲಸ ಶುರುಮಾಡಿತ್ತು. ಉಂಡೆಯ ಅಂಚನ್ನು ಮುರಿದರು, ಸಾರಿನಲ್ಲಿ ಹೊರಳಿಸಿದರು, ಗುಳುಕ್ಕೆಂದು ನುಂಗಿದರು. ಬಡಿಸಲು ನಿಂತಿದ್ದ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು.

ಇದೇ ನನ್ನ ಕ್ಷಣವೆನಿಸಿತು. ಮುದ್ದೆ ನುಂಗುವುದರಲ್ಲಿ ಕೆಂಗೇರಿಯೇ ಒಪ್ಪಿದ ಪ್ರಾವೀಣ್ಯ ನನ್ನದು. ಪೆರು ಒಪ್ಪದೆ ಇದ್ದೀತೆ? ಅಂಚಿಗೆ ತೃಪ್ತನಾಗದೆ ನಡುವಿನಿಂದಲೇ ದೊಡ್ಡ ತುತ್ತು ಮುರಿದು, ಅತ್ತೆ ನೋಡುತ್ತಿದ್ದಾರೆಂದು ಖಚಿತಪಡಿಸಿಕೊಂಡು ಜಾರಿಸಿದೆ. ಆದರೆ ಮುದ್ದೆಗೂ ಕೌಸಾಕ್ಕೂ ಒಂದು ತಾತ್ತ್ವಿಕ ವ್ಯತ್ಯಾಸವಿದೆ: ಮುದ್ದೆಯ ಗರ್ಭದಲ್ಲಿ ಮುದ್ದೆಯೇ ಇರುತ್ತದೆ, ಕೌಸಾದ ಗರ್ಭದಲ್ಲಿ ಬಾಲ ಸಮೇತವಾದ ಸೀಗಡಿ ಅವಿತಿರುತ್ತದೆ. ಅದು ಗಂಟಲಲ್ಲಿ ಅಡ್ಡ ನಿಂತಿತು. ಕಣ್ಣು ಮೇಲಾಯಿತು, ಶೈಲ ಕೂಗಿಕೊಂಡಳು. ನನ್ನ ಬೆನ್ನಿಗೆ ಗುದ್ದಿ ಗುದ್ದಿ ಪ್ರಾಣ ಉಳಿಸಿದವನು ಮಂಜುನಾಥ. ಷಡ್ಡಕನಿಂದ ಬದುಕುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಅಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲ. ಕೊನೆಗೆ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಕೋಳಿ ಬಂತು. ಅತ್ತೆ ಕಡ್ಡಿಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಕ್ಕಿಂತ ಚೆನ್ನಾಗಿ ಬೆಂದು ಎಣ್ಣೆಯೊಸರುತ್ತಿದ್ದ ತುಂಡನ್ನು ಬಿಡಿಸಿ, ತೋಳು ಚಾಚಿದರು. ನನ್ನ ತಟ್ಟೆ ತಾನಾಗಿಯೇ ಅಷ್ಟು ಮುಂದೆ ಸರಿಯಿತು. ತುಂಡು ಅದನ್ನು ದಾಟಿಕೊಂಡು ಹೋಗಿ ಮಂಜುನಾಥನ ತಟ್ಟೆಗೆ ಬಿತ್ತು.

"ತಿನ್ಲಾ," ಎಂದರು ಅವನಿಗೆ. ನನ್ನ ಕಡೆ ತಿರುಗಿ, "ನೀವು ಬೇಕಾದ್ದು ಹಾಕ್ಕೊಳಿ" ಎಂದರು.

ಹಾಕಿಕೊಳ್ಳಿ! ಸಿಂಹಾಸನದಿಂದ ಇಳಿಸಿದವರಿಗೂ ಇದಕ್ಕಿಂತ ಮೆತ್ತಗೆ ಹೇಳುತ್ತಾರೆ. ಕೈತೊಳೆಯುವ ಜಾಗದಲ್ಲಿ ಮಂಜುನಾಥ ನನ್ನ ತೋಳು ಹಿಡಿದು, "ನೋಡಿದ್ರಾ ಅಣ್ಣ? ಅತ್ತೆ ನಂಗೆ ಹಾಕಿದ್ರು!" ಎಂದ. ಕಟ್ಟಡ ಅವನದು, ಕಾರು ಅವನದು, ಈಗ ತುಂಡೂ ಅವನದಾದ ಮೇಲೆ ಅದನ್ನು ನನ್ನ ಮುಂದೆ ಆಡಿ ತೋರಿಸಬೇಕೇ ಎಂದು ಮೈಯೆಲ್ಲ ಉರಿಯಿತು. ನಲ್ಲಿಯನ್ನು ಬೇಕೆಂದೇ ಜೋರಾಗಿ ತಿರುಗಿಸಿ ಮಾತು ಕೇಳಿಸದಂತೆ ನಟಿಸಿದೆ.

ಶೈಲ ತಂಗಿಯ ಮನೆಗೆ ಹೊರಟಳು. ಉದ್ದ ಕಾರು ಬೇಡವೆಂದ ಅತ್ತೆಯನ್ನು ಮೆಟ್ರೋದಲ್ಲಿ ಕೆಂಗೇರಿಗೆ ಬಿಡುವ ಕೆಲಸ ನನಗೆ ಬಂತು. ದೀಪಾಂಜಲಿ ನಗರ ದಾಟುವವರೆಗೆ ತಡೆದುಕೊಂಡೆ. ಆಮೇಲೆ, ಮಂಜುನಾಥನೆಂದರೆ ತಮಗೆ ಮೊದಲಿನಿಂದಲೂ ಒಂದು ಕೈ ಹೆಚ್ಚೇ ಅಲ್ಲವೇ ಎಂದು, ನಗುತ್ತಾ ಕೇಳಿದವನಂತೆ ಕೇಳಿದೆ. ನಗು ಸರಿಯಾಗಿ ಬರಲಿಲ್ಲವೆಂದು ಕಾಣುತ್ತದೆ, ಅತ್ತೆ ನನ್ನ ಮುಖವನ್ನೇ ನೋಡಿದರು.

"ಕೋಳಿ ತುಂಡಿಗೇನ್ರೀ ಇಷ್ಟು? ಪಾಪ, ತನ್ ಕಟ್ಟಡದಲ್ಲೇ ನೆಂಟನ್ ಥರ ಬೆವರ್ತಾ ಕೂತಿದ್ದ. ಹಂಗ್ ಕೂತೋರಿಗೆ ನಾವು ಹಾಕ್ಬೇಕು. ಮನೆಯೋರು ಹೆಂಗೂ ಹಾಕ್ಕೋತಾರೆ."

ರೈಲು ಮೈಸೂರು ರಸ್ತೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. "ಹಾಗಾದರೆ ನನಗೆ ನಲ್ಲಿ ಮೂಳೆ..." ಎಂದೆ.

"ಅವತ್ತು ಮುದ್ದೆ ಮುಂದೆ ನೀವು ಹೆಂಗ್ ಕೂತಿದ್ರಿ ಅಂತ ನೆನಪಿಲ್ವಾ? ಕರುಳು ಚುರ್ ಅಂತು, ಹಾಕ್ದೆ."

"ಆಮೇಲೂ ಹಾಕುತ್ತಲೇ ಬಂದಿರಲ್ಲ ಅತ್ತೆ?"

"ನೀವು ಒಂದಿನಾನಾದ್ರೂ ಎದ್ದು ಹಾಕ್ಕೊಂಡ್ರೆ ತಾನೆ?"

ಇಷ್ಟು ವರ್ಷ ನಾನು ಗೌರವವೆಂದು ಹೀರಿದ್ದು ಕನಿಕರವಾಗಿತ್ತು. ಪಟ್ಟದ ಅಳಿಯನೆಂದು ಬೀಗುತ್ತಿದ್ದವನು ಆ ಮನೆಯಲ್ಲಿ ಇನ್ನೂ ನೆಂಟನೇ ಆಗಿದ್ದೆ. ಮುಚ್ಚಳ ತೆಗೆಯುವ ಹಕ್ಕು ಮೊದಲಿನಿಂದಲೂ ಮಂಜುನಾಥನ ಕೈಯಲ್ಲಿತ್ತು. ನನ್ನ ಹೊಟ್ಟೆಕಿಚ್ಚು ಆರಲಿಲ್ಲ, ಕೋಳಿ ತುಂಡನ್ನು ಬಿಟ್ಟು ಆ ಮುಚ್ಚಳವನ್ನು ಹಿಡಿದುಕೊಂಡಿತು, ಅಷ್ಟೆ. ಮನೆಯವರಿಗೆ ಹೇಳುವಂತೆಯೇ ಅತ್ತೆ ಮಧ್ಯಾಹ್ನ ನನಗೂ ಹಾಕಿಕೊಳ್ಳಿ ಎಂದಿದ್ದರಲ್ಲ ಎಂಬುದು ಹೊಳೆದದ್ದು ಕೆಂಗೇರಿಯಲ್ಲಿ ಇಳಿದ ಮೇಲೆ.

ಮುಂದಿನ ಭಾನುವಾರ ಕೆಂಗೇರಿಯ ಹಜಾರದಲ್ಲಿ ಮುದ್ದೆ ಬಂದ ಕೂಡಲೇ ನಾನು ಎದ್ದೆ. ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು, ಸಾರು ಕಲಕಿ, ನಲ್ಲಿ ಮೂಳೆಯನ್ನು ಸೌಟಿಗೆ ಹತ್ತಿಸಿಕೊಂಡೆ. ಹೆಮ್ಮೆಯಿಂದ ಹಜಾರದತ್ತ ತಿರುಗಿದರೆ, ಹುಟ್ಟಿದಾಗಿನಿಂದ ತಾನೇ ಹಾಕಿಕೊಂಡು ಉಂಡ ಮಂಜುನಾಥ ಕೈಕಟ್ಟಿಕೊಂಡು, ಖಾಲಿ ತಟ್ಟೆಯ ಮುಂದೆ, ಯಾರಾದರೂ ಬಡಿಸಲಿ ಎಂದು ಕಾಯುತ್ತಿದ್ದ. ಅಂದು ಹೋಟೆಲಿನಲ್ಲಿ ಕೈತೊಳೆಯುವಾಗ ಅವನು ಆಡಿ ತೋರಿಸಲಿಲ್ಲ, ಸಂತೋಷ ತಡೆಯಲಾರದೆ ಹೇಳಿದ ಎಂಬುದು ಆಗ ತಿಳಿಯಿತು. ಅಷ್ಟೂ ವರ್ಷ ಅವನು ಎದುರು ಕುಳಿತು ನೋಡುತ್ತಿದ್ದದ್ದು ನನ್ನ ತಟ್ಟೆಯನ್ನೇ.

ಮೂಳೆಯನ್ನು ಪಾತ್ರೆಗೆ ಮರಳಿ ಬಿಟ್ಟು ಬಂದು ಅವನ ಪಕ್ಕದಲ್ಲೇ ಕುಳಿತೆ. ತಲೆ ನರೆತ ಇಬ್ಬರು ಅಳಿಯಂದಿರು ಖಾಲಿ ತಟ್ಟೆ ಮುಂದಿಟ್ಟುಕೊಂಡು ಸುಮ್ಮನಿರುವುದನ್ನು ಕಂಡು, "ಇಬ್ರಿಗೂ ಏನ್ ಬಂತು ಇವತ್ತು?" ಎನ್ನುತ್ತಾ ಅತ್ತೆ ಪಾತ್ರೆಯನ್ನೇ ಹಜಾರಕ್ಕೆ ತಂದರು. ಅವನಿಗೊಂದು ಸೌಟು, ನನಗೊಂದು ಸೌಟು. ಮೂರನೆಯ ಸಲ ಸೌಟು ಮೇಲೆ ಬಂದಾಗ ನಲ್ಲಿ ಮೂಳೆ ಅದರಲ್ಲಿತ್ತು. ಇಬ್ಬರ ತಟ್ಟೆಗಳೂ ತಾವಾಗಿಯೇ ಅಷ್ಟು ಮುಂದೆ ಸರಿದವು. ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಗೊರಗಿ ಕುಳಿತು ಆ ಮೂಳೆಯನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಅಂಚಿಗೆ ಕುಟ್ಟಿ, ಕಣ್ಣು ಮುಚ್ಚಿ ಹೀರಿದರು. ಅವರು ನಲ್ಲಿ ಮೂಳೆ ತಿನ್ನುವುದನ್ನು ನಾನು ನೋಡಿದ್ದು ಅದೇ ಮೊದಲು. ಪಾತ್ರೆಯಲ್ಲಿ ಇದ್ದದ್ದು ಅದೊಂದೇ. ಮದುವೆಯಾದಂದಿನಿಂದ ಮೊದಲ ಬಾರಿಗೆ ನಾನೂ ಮಂಜುನಾಥನೂ ಒಂದೇ ತಟ್ಟೆಯನ್ನು ನೋಡಿ ಹೊಟ್ಟೆಕಿಚ್ಚು ಪಟ್ಟೆವು.